ಹತ್ತುವುದಷ್ಟೇ ಕಲಿಸಿದ್ದ ಕಾಕಾ

ಅವರು ಕೂತದ್ದನ್ನು ಮೊದಲ ಸಲ ನೋಡಿದವರಿಗೆ, ಇವರ ಮೈಯಲ್ಲಿ ಎಲುಬು ಇವೆಯೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಚಹಾದ ಅಂಗಡಿಯಲ್ಲಿ ಬೆಂಚು ಖಾಲಿ ಬಿದ್ದಿದ್ದರೂ ನೆಲದ ಮೇಲೆಯೇ ಪದ್ಮಾಸನ ಹಾಕಿ, ಬಸಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊರ್ರೆಂದು ಚಹಾ ಹೀರುವರು. “ಕಾಕಾ, ಮ್ಯಾಲ ಕುಂದ್ರಿ” ಎಂದರೆ ತಲೆ ಎತ್ತದೆಯೇ ಉತ್ತರ ಬರುವುದು: “ಮ್ಯಾಲ ಕುಂತ್ರ ಕಾಲು ಜೋತಾಡ್ತಾವ. ಜೋತಾಡೋ ಕಾಲಿಗಿ ಜಲ್ದಿ ಮುಪ್ಪು ಬರ್ತದ.”

ವಾಡಿಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿಯ ಕೆಳಗೆ ಜಲ್ಲಿ ತುಂಬಿ ತುಂಬಿ ರಿಟೈರಾದವರು. ಅದೇ ಓಣಿಯ ಶಾಲೆಯಲ್ಲಿ ನಾನು ಟೀಚರ್. ಓಣಿಗೆಲ್ಲ ಅವರು ಕಾಕಾ. ಅವರಿಗೊಂದು ಹೆಸರು ಇರಲಿಲ್ಲವೆಂದಲ್ಲ. ಒಮ್ಮೆ ನನ್ನ ಮಗಳು ಆ ಹೆಸರನ್ನು ತನ್ನ ಯೋಗದ ಕ್ಲಾಸಿನ ಬೋರ್ಡಿನ ಮೇಲೆ ಬರೆಯಹೋದಾಗ ಕೈ ಮುಗಿದು ತಡೆದಿದ್ದರು. “ಬ್ಯಾಡವ್ವ. ಹೆಸರು ಹಾಕಿದಿ ಅಂದ್ರ ಈ ಊರಿನ ಸೊಂಟ ಎಲ್ಲಾ ಎದ್ದು ನಮ್ಮ ಬಾಗಿಲಿಗಿ ಬರ್ತಾವ.” ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ.

ಯೋಗ ಅನ್ನುವ ಶಬ್ದವನ್ನು ಅವರು ಬಳಸಿದ್ದು ಕಡಿಮೆ. ಅವರ ಗುರು ಅವರ ಆಯಿ, ಅಂದರೆ ತಂದೆಯ ತಾಯಿ. ಆಕೆ ಶಹಾಬಾದಿನ ಖಣಿಯಲ್ಲಿ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಹೊತ್ತವಳು. ಸಂಜೆ ಮನೆಗೆ ಬಂದವಳೇ, ಒಲೆ ಹಚ್ಚುವ ಮೊದಲು, ದಿನವಿಡೀ ಬಿಸಿಲು ಕುಡಿದು ಬೆಚ್ಚಗಿರುತ್ತಿದ್ದ ಅಂಗಳದ ಪರಸಿಯ ಮೇಲೆ ಬೋರಲು ಮಲಗಿ, ಕೈಯೂರಿ ಎದೆ ಎತ್ತುವಳಂತೆ. ಆಮೇಲೆ ಬಾಗುವಳು, ತಿರುಗುವಳು, ಒಂಟಿ ಕಾಲಲ್ಲಿ ನಿಲ್ಲುವಳು. ಸೊಸೆಯಂದಿರು ನಕ್ಕರೆ ಒಂದೇ ಮಾತು: “ಹಗಲೆಲ್ಲ ಕಲ್ಲು ನನ್ನ ಬಗ್ಗಸ್ತಾವ. ಸಂಜಿಗಿ ನನ್ನ ನಾ ನೆಟ್ಟಗ ಮಾಡ್ಕೋತೀನಿ.” ಪಕ್ಕದಲ್ಲಿ ಮಲಗಿ ಆಕೆ ಮಾಡಿದಂತೆ ಮಾಡುತ್ತ ಕಾಕಾ ಕಲಿತರು. ಆಕೆಗೆ ಇದನ್ನು ಯಾರು ಕಲಿಸಿದರೆಂದು ಯಾರೂ ಕೇಳಲಿಲ್ಲ. “ಕೇಳಬೇಕಾಗಿತ್ತು ನೋಡ್ರಿ ಟೀಚರ,” ಎಂದು ಕಾಕಾ ಆಗಾಗ ಪೇಚಾಡುತ್ತಿದ್ದರು.

ಆಯಿ ಇಟ್ಟ ಹೆಸರುಗಳೇ ಕೊನೆಯತನಕ ಅವರ ಬಾಯಲ್ಲಿ ಉಳಿದವು. ನಿಂದ್ರೋದು, ಬಾಗೋದು, ಗಿಡ ಆಗೋದು, ಹಾವಾಗೋದು. ಕೊನೆಯಲ್ಲಿ ಮೈ ಸಡಿಲ ಬಿಟ್ಟು ಅಂಗಾತ ಮಲಗುವುದಕ್ಕೆ ‘ಹೆಣ ಆಗೋದು’. ನಮಗೆ ಕಲಿಸಲು ಶುರುಮಾಡಿದ ಮೊದಲ ದಿನ ನಮ್ಮ ಮನೆಯ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ಮಲಗಿಸಿ, “ಈಗ ಎಲ್ಲಾರೂ ಹೆಣ ಆಗ್ರಿ. ಆದ್ರ ಗೊರಕಿ ಹೊಡಿಬ್ಯಾಡ್ರಿ, ಹೆಣ ಗೊರಕಿ ಹೊಡಿಯಂಗಿಲ್ಲ” ಅಂದಾಗ, ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂತಿದ್ದ ನಮ್ಮವ್ವ ಬೆಚ್ಚಿಬಿದ್ದಳು. “ಮುಂಜಾನೆದ್ದು ಎಂಥಾ ಮಾತಾಡ್ತಾನ ಇವ! ಬಾಯಾಗ ಒಂದೀಟು ಸಕ್ರಿ ಹಾಕ್ರಿ ಇವಗ!”

ಆಮೇಲೆ ಓಣಿಯ ಏಳೆಂಟು ಜನ ಬೆಳಿಗ್ಗೆ ಸೇರುತ್ತಿದ್ದದ್ದು ರೈಲು ಹಳಿಯ ಪಕ್ಕದ ಬಯಲಿನಲ್ಲಿ. ಅವರ ಬಳಿ ಗಡಿಯಾರ ಇರಲಿಲ್ಲ. ಸಿಮೆಂಟಿನ ಗೂಡ್ಸ್ ಗಾಡಿಯೇ ಅವರ ಗಡಿಯಾರ. ಎಂಜಿನ್ ಕಂಡಾಗ ಕಾಲು ಎತ್ತಬೇಕು, ಕಡೆಯ ಗಾರ್ಡಿನ ಡಬ್ಬಿ ದಾಟಿದ ಮೇಲೆಯೇ ಇಳಿಸಬೇಕು. ಒಂದು ಚಳಿಗಾಲದ ಬೆಳಿಗ್ಗೆ ನಾವೆಲ್ಲ ಗಿಡವಾಗಿ ಒಂಟಿ ಕಾಲಲ್ಲಿ ನಿಂತಿದ್ದೇವೆ. ಎಂಜಿನ್ ನಮ್ಮೆದುರು ಬಂದು ಸಿಗ್ನಲ್ ಸಿಗದೆ ಗಕ್ಕನೆ ನಿಂತುಬಿಟ್ಟಿತು. ಡಬ್ಬಿಗಳ ಸಾಲು ಹಿಂದೆ ಕಣ್ಣಿಗೆ ಕಾಣುವಷ್ಟು ದೂರ. ಕಾಲು ನಡುಗತೊಡಗಿತು.

“ಕಾಕಾ, ಗಾಡಿ ನಿಂತದ.”

“ನಿಂದ್ರಲಿ. ಗಾರ್ಡಿನ ಡಬ್ಬಿ ಬಂದದೇನು?”

ಎಂಜಿನ್ನಿನ ಕಿಟಕಿಯಿಂದ ಡ್ರೈವರ್ ಇಣುಕಿ, “ಏನ್ ಕಾಕಾ, ಯಾವ ತಪ್ಪಿಗಿ ಶಿಕ್ಷಾ ಕೊಟ್ಟೀರಿ ಇವರಿಗಿ?” ಎಂದ.

“ನೀ ಗಾಡಿ ನಡೆಸಪ್ಪಾ ಮೊದ್ಲ. ಇಷ್ಟು ಮಂದಿ ಕಾಲು ನಿನ್ನ ಕೈಯಾಗ ಅದಾವ!”

ನಾವು ಒಬ್ಬೊಬ್ಬರಾಗಿ ನಗುತ್ತ ಉರುಳಿದೆವು. ಕಾಕಾ ಮಾತ್ರ ಆ ಗಾಡಿ ಮತ್ತೆ ಹೊರಟು, ಗಾರ್ಡು ಹಸಿರು ಬಾವುಟ ಬೀಸಿಕೊಂಡು ದಾಟುವ ತನಕ ಗಿಡವಾಗಿಯೇ ಇದ್ದರು.

ಇದರ ನಡುವೆ ನನ್ನ ಮಗಳು ಕಲಬುರಗಿಯಲ್ಲಿ ಯೋಗದ ಕೋರ್ಸ್ ಮುಗಿಸಿ, ನೇರಳೆ ಬಣ್ಣದ ಮ್ಯಾಟು ಸುತ್ತಿಕೊಂಡು ಊರಿಗೆ ಬಂದಳು. ಬಂದ ಮರುದಿನವೇ ಬಯಲಿಗೆ ಹೋಗಿ, ಹಾವಾಗಿ ಎದೆ ಎತ್ತಿದ್ದ ಕಾಕಾನ ಎದುರು ನಿಂತಳು. ಅವಳಿಗೆ ಅವರು ಮುತ್ಯಾ, ಅಂದರೆ ಅಜ್ಜ.

“ಮುತ್ಯಾ, ಇದಕ್ಕ ಭುಜಂಗಾಸನ ಅಂತಾರ.”

“ಹೌದಾ? ನಮ್ಮ ಆಯಿ ಹಾವಾಗೋದು ಅಂತಿದ್ಲು.”

“ಎರಡೂ ಒಂದೇ ಮುತ್ಯಾ.”

“ಹಂಗಾರ ನಮ್ಮ ಆಯಿ ಸಾಲಿಗಿ ಹೋಗಲಾರದೇ ಪಾಸ್ ಆಗ್ಯಾಳ ಬಿಡು.”

ಮಗಳು ಅವರ ಮೊಣಕೈ ಹಿಡಿದು ಒಳಗೆ ಒತ್ತಿ, ಹೆಗಲು ಕೆಳಗಿಳಿಸಿ ತಿದ್ದಿದಳು. ನನಗೆ ಭೂಮಿಗಿಳಿದುಹೋದಂತಾಯಿತು. ಕಾಕಾ ಆ ಭಂಗಿಯಲ್ಲೇ ಸ್ವಲ್ಪ ಹೊತ್ತು ಇದ್ದು, ಎದ್ದು ಕೂತು, “ಖರೆ ಅದ ನೋಡವ್ವ, ಕುತ್ತಿಗಿಗಿ ಆರಾಮ ಅನಸ್ತದ” ಅಂದರು. ಮಗಳು ಸಂಜೆಯ ಕ್ಲಾಸು ಶುರುಮಾಡಿದಾಗ ಕಡೆಯ ಸಾಲಿನಲ್ಲಿ, ಮ್ಯಾಟು ಇಲ್ಲದೆ ಬರಿ ನೆಲದ ಮೇಲೆ ಕೂತ ವಿದ್ಯಾರ್ಥಿ ಅವರೇ. ಕ್ಲಾಸಿನಲ್ಲಿ ಆಕೆಯನ್ನು ‘ಮೇಡಂ’ ಎನ್ನುವರು, ಹೊರಗೆ ಬಂದ ಕೂಡಲೇ ‘ಏ ಹುಡುಗಿ’. ಯಾರೋ ಕೇಳಿದರಂತೆ, ನಿಮ್ಮಿಬ್ಬರಲ್ಲಿ ಯಾರ ಯೋಗ ಖರೆ ಅಂತ. “ಅಕಿದು ಪುಸ್ತಕದಾಗ ಅದ, ನಂದು ಸೊಂಟದಾಗ ಅದ. ನಿನಗ ಎಲ್ಲಿ ನೋವು ಅದ ಹೇಳು ಮೊದ್ಲ” ಅಂದರಂತೆ.

ಇನ್ನು ನಮ್ಮವ್ವನ ಮಾತು. ಕಾಕಾ ಅಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಅದೇ.

ಅವ್ವ ಮತ್ತು ಆಕೆಯ ತಂಗಿ, ನಮ್ಮ ಸಣ್ಣವ್ವ, ತೆಂಗಳಿಯ ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಹಂದರದಲ್ಲಿ ಮದುವೆಯಾದವರು. ಅವ್ವ ವಾಡಿಗೆ ಬಂದಳು, ಸಣ್ಣವ್ವ ನಾಲವಾರಕ್ಕೆ ಹೋದಳು. ತಿಂಗಳಿಗೊಮ್ಮೆ ಅವ್ವ ಪ್ಯಾಸೆಂಜರ್ ಗಾಡಿ ಹತ್ತಿ ತಂಗಿಯ ಮನೆಗೆ ಹೋಗಿ, ನಾಲ್ಕು ದಿನ ಇದ್ದು, ಜಗಳ ಆಡಿಕೊಂಡು ಬರುವಳು. ಎಡ ಮೊಣಕಾಲು ಕೈಕೊಟ್ಟ ಮೇಲೂ ಹೋಗುತ್ತಿದ್ದಳು. ಒಂದು ದಿನ ಮೆಟ್ಟಿಲ ಮೇಲೆ ಕಾಲು ಏಳದೆ ತಡಕಾಡುತ್ತಿದ್ದಾಗ, ಪ್ಲಾಟ್‌ಫಾರಂ ಮೇಲಿದ್ದ ಇಬ್ಬರು ಪುಣ್ಯಾತ್ಮರು ಆಕೆಯ ಎರಡೂ ಕಂಕುಳಿಗೆ ಕೈಹಾಕಿ ಎತ್ತಿ ಒಳಗಿಟ್ಟರು. ಒಳಗಿದ್ದ ಯಾರೋ, “ಜಾಗಾ ಬಿಡ್ರಿ, ಚೀಲ ಬಂತು” ಅಂದ. ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾಲವಾರದ ತನಕ ಅವ್ವ ಎಲ್ಲರಿಗೂ ಬೆನ್ನು ಹಾಕಿ ಕೂತಳು. ತಿರುಗಿ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: “ಇನ್ನ ಗಾಡಿ ಹತ್ತಿದ್ರ ನನ್ನ ಕಾಲಿಲೆ ಹತ್ತತೀನಿ. ಇಲ್ಲಾಂದ್ರ ಹತ್ತಂಗಿಲ್ಲ.”

ಎರಡು ವರ್ಷ ಹತ್ತಲಿಲ್ಲ. ಬಸ್ಸಿನ ಮೆಟ್ಟಿಲಿನದೂ ಅದೇ ಗತಿ. ಜೀಪಿನಲ್ಲಿ ಕೂತರೆ ಆಕೆಗೆ ಹೊಟ್ಟೆ ತೊಳಸುತ್ತದೆ. ನಮ್ಮ ಮನೆಯ ಮುಂದಿನ ಕಟ್ಟೆಯ ಮೆಟ್ಟಿಲೂ ಬೇಡವಾಗಿ, ನೆಲಕ್ಕೆ ಸಮನಾಗಿದ್ದ ಅಡುಗೆಮನೆಯ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಆಗ ನಾಲವಾರದಿಂದ ಸಣ್ಣವ್ವನ ಫೋನು ಬಂತು. ಮೊಮ್ಮಗನಿಗೆ ಹೆಣ್ಣು ಕೂಸು ಹುಟ್ಟಿದೆ. ಅವರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವುದು ಬಳಗದ ಹಿರಿಯಳ ಕೈಯಿಂದಲೇ.

“ಮೂರನೇ ತಿಂಗಳಾಗ ತೊಟ್ಟಿಲ ಇಟ್ಕೊಂಡೀವಿ. ಹಾಕಾಕಿ ನೀನೇ. ನೀ ಬರಲಿಲ್ಲಂದ್ರ ನನ್ನ ಮರಿಮೊಮ್ಮಗಳು ನೆಲದ ಮ್ಯಾಲೇ ದೊಡ್ಡಾಕಿ ಆಗ್ತಾಳ, ತಿಳಕೋ.”

ಅವ್ವ ಫೋನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗಿದಳು. ಸಂಜೆ ಕಾಕಾ ಬಂದಾಗಲೂ ಏಳಲಿಲ್ಲ. ನಾನೇ ಎಲ್ಲ ಹೇಳಿದೆ. ಕೇಳಿಸಿಕೊಂಡು ಅವರು ಎದ್ದು ಹೋದರು. ಮರುದಿನ ಬಂದಾಗ ಅವರ ಕೈಯಲ್ಲಿ ಗಂಟು ಹಾಕಿದ ಒಂದು ದಾರ ಇತ್ತು.

“ಏನೋ ತಮ್ಮಾ ಇದು?” ಎಂದು ಅವ್ವ ಕೇಳಿದಳು.

“ಗಾಡಿ ಮೆಟ್ಟಿಲ. ನೆಲದಿಂದ ಈ ಗಂಟಿನ ತನಕ. ಟೇಶನ್ನಿಗಿ ಹೋಗಿ ಅಳದು ತಂದೀನಿ.”

ಆಮೇಲೆ ಶಹಾಬಾದಿನಿಂದ ಒಂದು ಟಂಟಂ ಆಟೋದಲ್ಲಿ ಎಂಟು ತುಂಡು ಪರಸಿ ಬಂದವು. ಒಂದರ ಮೇಲೊಂದು ಎಂಟು ಪರಸಿ ಇಟ್ಟರೆ ಸರಿಯಾಗಿ ಆ ಗಂಟಿನ ಎತ್ತರ. ವಾರಕ್ಕೊಂದು ಪರಸಿ ಏರಿಸುವುದು ಕಾಕಾನ ಲೆಕ್ಕ. ಗುಡ್ಡೆಯನ್ನು ನಮ್ಮ ಕಟ್ಟೆಗೆ ಹೊಂದಿಸಿ ಇಟ್ಟರು. ಬೀಳದ ಹಾಗೆ ಒಂದು ಕಡೆ ಕಟ್ಟೆಯ ಆಸರೆ, ಇನ್ನೊಂದು ಕಡೆ ಕೈಗೆ ಹಿಡಿಯಲು ನೆಟ್ಟ ಹಳೆಯ ಪೈಪು. ಅವ್ವ ಪರಸಿ ಹತ್ತಬೇಕು, ಅಲ್ಲಿಂದ ಕಟ್ಟೆಯ ಮೇಲೆ ಕಾಲಿಡಬೇಕು, ಮನೆಯೊಳಗಿಂದ ನಡೆದು ಹಿಂಬಾಗಿಲಿಂದ ಸುತ್ತಿ ಬಂದು ಮತ್ತೆ ಹತ್ತಬೇಕು.

ಮೊದಲ ವಾರ ಕಾಲೆತ್ತಲು ಬಿಡಲೇ ಇಲ್ಲ. ಬರೀ ಉಸಿರು. “ಅಕ್ಕಾ, ಮೊದ್ಲ ಉಸುರು ಹತ್ತಬೇಕು, ಹಿಂದಿಂದ ಕಾಲು ಹತ್ತತದ.” ನನ್ನ ಮಗಳು ತೊಡೆಗೆ ಬಲ ಬರಬೇಕೆಂದು ಅಜ್ಜಿಯನ್ನು ಗೋಡೆಗೆ ಒರಗಿಸಿ, ಕಾಣದ ಕುರ್ಚಿಯ ಮೇಲೆ ಕೂತಂತೆ ನಿಲ್ಲಿಸುವಳು. ನಾನು ಪೈಪು ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದೆ. ಓಣಿಯವರು ಹಲ್ಲುಜ್ಜುತ್ತ ನಿಂತು ನೋಡುವರು. ಮೂರನೆಯ ಪರಸಿಗೆ ಅವ್ವನ ಮೊಣಕಾಲು ಬಾತುಕೊಂಡಿತು. ಎರಡು ದಿನ ಹೊರಗೇ ಬರಲಿಲ್ಲ. ಕಾಕಾ ಒಂದು ಪರಸಿ ತೆಗೆದು ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ ಕೂಗಿದರು.

“ಅಕ್ಕಾ, ಒಂದು ಕಲ್ಲು ಇಳಿಸೀನಿ ನೋಡ್ರಿ. ಕಲ್ಲಿಗಿ ಸಿಟ್ಟಿಲ್ಲ. ನಿಮಗ್ಯಾಕ ಸಿಟ್ಟು?”

“ಕಲ್ಲಿಗಿ ಮೊಣಕಾಲು ಅದಾವೇನೋ, ಹುಚ್ಚಪ್ಪಾ!” ಎಂದು ಒಳಗಿಂದಲೇ ಬೈಯುತ್ತ ಅವ್ವ ಎದ್ದು ಬಂದಳು.

ಎಂಟನೆಯ ಪರಸಿ ಏರಿದ ದಿನ ಆಕೆ ಬಲಗಾಲು ಮೇಲಿಟ್ಟು, ಪೈಪು ಹಿಡಿದು, ಉಸಿರು ತುಂಬಿಕೊಂಡು ಒಂದೇ ಏಟಿಗೆ ಕಟ್ಟೆ ಸೇರಿದಳು. ಸೇರಿ, ಓಣಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ಯಾರೋ ಚಪ್ಪಾಳೆ ಹೊಡೆದರು. ಕಾಕಾ ಕಣ್ಣೊರೆಸಿಕೊಂಡು, ಓಣಿಯಾಗ ಧೂಳು ಭಾಳ ಅದ ಅಂದರು.

ತೊಟ್ಟಿಲ ಕಾರ್ಯದ ದಿನ ಅವ್ವ, ನಾನು, ಕಾಕಾ ಮೂವರೇ ಹೊರಟೆವು. ಮಗಳಿಗೆ ಕ್ಲಾಸಿತ್ತು. ಅವ್ವ ಇಲಕಲ್ ಸೀರೆ ಉಟ್ಟಿದ್ದಳು. ಪ್ಯಾಸೆಂಜರ್ ಬಂದು ನಿಂತಾಗ ಯಾರೋ ಕೈ ಚಾಚಿದರು. “ಸರೀರಿ, ಜಾಗಾ ಬಿಡ್ರಿ ಅಕ್ಕಾಗ” ಎಂದು ಕಾಕಾ ಅವರನ್ನು ದೂರ ಸರಿಸಿದರು. ಬಲಗಾಲು, ಹಿಡಿಕೆ, ಉಸಿರು, ಅವ್ವ ಗಾಡಿಯಲ್ಲಿದ್ದಳು. ಕಿಟಕಿಯ ಪಕ್ಕ ಕೂತು, ಎರಡು ವರ್ಷದಿಂದ ನೋಡದ ಹೊಲಗಳನ್ನೆಲ್ಲ ನನಗೆ ತೋರಿಸುತ್ತ ಬಂದಳು, ನಾನು ಎಂದೂ ನೋಡಿಲ್ಲವೇನೋ ಎಂಬಂತೆ. ಕಾಕಾ ಎದುರಿನ ಸೀಟಿನ ಮೇಲೆ ಪದ್ಮಾಸನ ಹಾಕಿ, ಮದುವೆಯ ಗಂಡಿನ ಅಪ್ಪನ ಹಾಗೆ ಕೂತಿದ್ದರು.

ನಾಲವಾರ ಬಂತು. ಸಣ್ಣವ್ವನ ಮೊಮ್ಮಗ ನಮ್ಮನ್ನು ಕರೆದೊಯ್ಯಲು ಪ್ಲಾಟ್‌ಫಾರಂ ಮೇಲೆ ನಿಂತಿದ್ದ. ಅವ್ವ ಬಾಗಿಲಿಗೆ ಬಂದು, ಹಿಡಿಕೆ ಹಿಡಿದು, ಕೆಳಗೆ ನೋಡಿದಳು. ಅಲ್ಲಿಯೇ ನಿಂತುಬಿಟ್ಟಳು.

“ತಮ್ಮಾ, ಇದು ಯಾವಾಗ ಕಲಿಸಿದಿ?”

ಕಾಕಾ ಒಮ್ಮೆ ಮೆಟ್ಟಿಲನ್ನು, ಒಮ್ಮೆ ಅವ್ವನ ಕಾಲನ್ನು ನೋಡಿದರು. “ಅಕ್ಕಾ... ನಾವು ಇಳದೇ ಇಲ್ಲ.”

ನನಗೂ ಆಗಲೇ ಹೊಳೆದದ್ದು. ಎರಡು ತಿಂಗಳು ಆಕೆ ಎಂಟು ಪರಸಿ ಹತ್ತಿದ್ದಾಳೆ, ಒಂದು ಸಲವೂ ಇಳಿದಿಲ್ಲ. ಪ್ರತಿ ಸಲ ಹತ್ತಿ, ಕಟ್ಟೆ ದಾಟಿ, ಅಡುಗೆಮನೆಯಿಂದ ಸುತ್ತಿಬಂದಿದ್ದಾಳೆ. ಗಾಡಿಗೆ ಹಿಂಬಾಗಿಲಿನ ಅಡುಗೆಮನೆ ಎಲ್ಲಿಂದ ತರುವುದು?

ಕೆಳಗಿದ್ದವರು ತೋಳು ಚಾಚಿ, “ಬರ್ರಿ ಅಜ್ಜಿ, ಎತ್ತಿ ಇಳಸ್ತೀವಿ” ಅಂದರು. ಅವ್ವ ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಮೈ ಮುಟ್ಟಿದ್ರ ನೋಡ್ರಿ!” ಗಾಡಿ ಸಿಳ್ಳೆ ಹಾಕಿ ಕದಲಿತು. ಪ್ಲಾಟ್‌ಫಾರಂ ಮೇಲೆ ಮೊಮ್ಮಗ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾನೆ. ಏನು ಮಾಡಬೇಕೋ ತೋಚದೆ ಅವ್ವ ಅವನಿಗೆ ಕೈ ಬೀಸಿದಳು.

ಕಾಕಾ ಡಬ್ಬಿಯ ನೆಲದ ಮೇಲೆ ಕುಸಿದು ತಲೆ ಹಿಡಿದುಕೊಂಡರು. “ಅರ್ಧಾ ವಿದ್ಯಾ ಕಲಿಸಿದ್ನವ್ವ. ಹತ್ತಸ್ದಾವಗ ಇಳಸೂದು ತಿಳಿಬಾರದೇನು?” ಅಲ್ಲಿ ತೊಟ್ಟಿಲು ಕಟ್ಟಿಟ್ಟು ಕೂತಿದ್ದಾರೆ, ಇಲ್ಲಿ ಗಾಡಿ ಯಾದಗಿರಿಯ ಹಾದಿ ಹಿಡಿದಿದೆ. ಅವ್ವನ ಕಣ್ಣಲ್ಲಿ ನೀರು ಬರುತ್ತದೆಂದು ನಾನು ಕಾಯುತ್ತಿದ್ದೆ. ಆಕೆ ಕಾಲಿನಿಂದ ಕಾಕಾನ ಮೊಣಕಾಲನ್ನು ತಿವಿದಳು.

“ತಲಿಗಿ ಕೈ ಹಚ್ಚಿ ಕುಂತ್ರ ಗಾಡಿ ಹಿಂದ ಹೋಗ್ತದೇನು? ಏಳು. ಯಾದಗಿರಿ ಬರೋ ತನಕ ಟೈಮದ. ಕಲಿಸು.”

ಕಾಕಾ ಎದ್ದರು. ಕಣ್ಣು ಮುಚ್ಚಿ ನಿಂತರು. ಆಮೇಲೆ ನಿಧಾನವಾಗಿ ಹೇಳಿದರು: “ನಮ್ಮ ಆಯಿ ಖಣಿಯಾಗ ಇಳಿಯೋವಾಗ ಮಾರಿ ಕಲ್ಲಿನ ಕಡಿ ಮಾಡ್ಕೊಂಡು ಇಳಿತಿದ್ಲು. ಹತ್ತಿದಂಗೇ, ಆದ್ರ ಹಿಂದಕ. ನೋವಿನ ಕಾಲು ಮೊದ್ಲ ಕೆಳಗ, ಗಟ್ಟಿ ಕಾಲು ಮ್ಯಾಲ ಕಾವಲಿಗಿ. ಹತ್ತುವಾಗ ಉಸುರು ತಗೊಂಡೀರಿ, ಈಗ ಬಿಟ್ಕೊಂತ ಇಳೀರಿ.”

ಆದರೆ ಪರಸಿ ಎಲ್ಲಿದೆ? ಬಾಗಿಲ ಹತ್ತಿರ ಒಬ್ಬ ರೈತ ತೊಗರಿಯ ಚೀಲ ಅಡ್ಡಹಾಕಿ ಕೂತಿದ್ದ. ಕಾಕಾ ಅದರ ಮೇಲೆ ಕಣ್ಣು ಹಾಕಿದರು.

“ನನ್ನ ಚೀಲ ಒಡದ್ರ?” ಎಂದ ಅವನು.

“ಒಡದ್ರ ಡಬ್ಬಿ ಮಂದಿ ಎಲ್ಲಾ ಕೂಡಿ ಆರಿಸಿ ಕೊಡ್ತೀವಿ, ಕೊಡೋ ಮಾರಾಯ” ಎಂದಳು ಮೂಲೆಯ ಒಬ್ಬ ಹೆಂಗಸು.

ಓಡುವ ಗಾಡಿಯಲ್ಲಿ, ತೊಗರಿ ಚೀಲದ ಮೇಲೆ, ನಮ್ಮವ್ವನ ಇಳಿಯುವ ಪಾಠ ನಡೆಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ಆ ಹೆಂಗಸು. ಡಬ್ಬಿಯವರೆಲ್ಲ ಗುರುಗಳಾದರು. “ಅಜ್ಜಿ, ಕೆಳಗ ನೋಡಬ್ಯಾಡ್ರಿ.” “ಉಸುರು ಬಿಡ್ರಿ, ಉಸುರು!” ಮೂರನೆಯ ಸಲಕ್ಕೆ ಆಕೆ ಯಾರ ಕೈಯನ್ನೂ ಹಿಡಿಯಲಿಲ್ಲ. ಯಾದಗಿರಿಯಲ್ಲಿ ಗಾಡಿ ನಿಂತಾಗ ಜನ ತಾವು ಇಳಿಯುವುದನ್ನು ಬಿಟ್ಟು ದಾರಿ ಕೊಟ್ಟರು. ಎರಡೂ ಹಿಡಿಕೆ ಹಿಡಿದು, ಮುಖ ಗಾಡಿಯ ಕಡೆ ಮಾಡಿ, ಎಡಗಾಲನ್ನು ಗಾಳಿಯಲ್ಲಿ ತಡಕಾಡಿಸಿ ಆಕೆ ನೆಲ ಮುಟ್ಟಿದಳು. ತೊಗರಿ ಚೀಲದವನು ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹೊಡೆದ.

ತಿರುಗಿ ಬರುವ ಗಾಡಿಗೆ ಕಾಯುತ್ತ ಮಿರ್ಚಿ ಭಜಿ ತಿಂದೆವು. ಕಾಕಾ ತಿನ್ನಲಿಲ್ಲ, ನಾಲವಾರದಲ್ಲಿ ಇಳಿದ ಮೇಲೆ ತಿನ್ನುವೆ ಅಂದರು. ಮಧ್ಯಾಹ್ನ ಇಳಿಹೊತ್ತಿಗೆ ನಾಲವಾರ ಮುಟ್ಟಿದಾಗ, ಮನೆ ಬಿಟ್ಟು ಹೊರಡದ ಸಣ್ಣವ್ವ ಕೋಲೂರಿಕೊಂಡು ಸ್ವತಃ ಟೇಶನ್ನಿಗೆ ಬಂದು ನಿಂತಿದ್ದಳು. ಅವ್ವ ಹಿಂದುಮುಂದಾಗಿ ಇಳಿಯತೊಡಗಿದ್ದೇ ತಡ, ಕೆಳಗಿಂದ ಶುರುವಾಯಿತು:

“ಮುಂಜಾನೆ ಬಾಗಲದಾಗ ನಿಂತು ಟಾಟಾ ಮಾಡಿ ಹೋದಿ. ಈಗ ಬಂದಾಕಿ ಬೆನ್ನು ತೋರಿಸ್ಕೊಂತ ಬರ್ಲಿಕತ್ತೀಯೇನ? ಎರಡು ವರ್ಷಕ್ಕ ಬಂದು ಮಾರಿ ತೋರಿಸಲಿಕ್ಕೂ ನಾಚಿಕಿ ಏನು?”

“ಬಾಯಿ ಮುಚ್ಚ, ಉಸುರು ಬಿಡಾಕತ್ತೀನಿ!” ಅಂದಳು ಅವ್ವ, ಅರ್ಧ ಮೆಟ್ಟಿಲಿನಿಂದ.

ಅವ್ವ ನೆಲ ಮುಟ್ಟಿ ತಿರುಗಿದಳು. ಸಣ್ಣವ್ವ ಕೋಲು ಬಿಟ್ಟು ಅಕ್ಕನ ಗದ್ದ ಹಿಡಿದಳು. ಆ ಸಂಜೆ ಕೂಸು ತೊಟ್ಟಿಲು ಸೇರಿತು. ಕಾಕಾ ಊಟಕ್ಕೆ ಕೂತವರು ಏಳಲೇ ಇಲ್ಲ. ಏಳಬೇಕೆಂದರೂ ಆಗುತ್ತಿರಲಿಲ್ಲ, ಸುತ್ತಲೂ ಮೊಣಕಾಲು ನೋವಿನ ಹೆಂಗಸರು. ಮೊದಲ ಸಾಲಿನಲ್ಲಿ ಸಣ್ಣವ್ವ.

ವಾಡಿಗೆ ಬಂದ ಮರುದಿನವೇ ಕಾಕಾ ಪರಸಿ ಗುಡ್ಡೆಯನ್ನು ಕಟ್ಟೆಯಿಂದ ಕಿತ್ತು ಅಂಗಳದ ನಡುವೆ ಇಟ್ಟರು. ಒಂದು ಕಡೆಯಿಂದ ಹತ್ತಬೇಕು, ಇನ್ನೊಂದು ಕಡೆಗೆ ಇಳಿಯಬೇಕು. ಬಂದವರಿಗೆಲ್ಲ ತಮ್ಮ ತಪ್ಪನ್ನು ತಾವೇ ಹೇಳಿ, ತಾವೇ ಎಲ್ಲರಿಗಿಂತ ಹೆಚ್ಚು ನಗುವರು. ನನ್ನ ಮಗಳು ಅದನ್ನು ತನ್ನ ಕ್ಲಾಸಿಗೆ ಸೇರಿಸಿಕೊಂಡಳು. “ಇದಕ್ಕ ಪುಸ್ತಕದಾಗ ಏನಂತಾರ ಮೇಡಂ?” ಎಂದು ಕಾಕಾ ಕೇಳಿದಾಗ, “ಪುಸ್ತಕದಾಗ ಇಲ್ಲ ಮುತ್ಯಾ” ಎಂದಳು. ಅಂದು ಇಡೀ ದಿನ ಅವರು ಓಣಿಯಲ್ಲಿ ಹಿಗ್ಗಿ ಓಡಾಡಿದರು.

ಅವ್ವ ಮತ್ತೆ ತಿಂಗಳಿಗೊಮ್ಮೆ ನಾಲವಾರಕ್ಕೆ ಹೋಗಿ ಜಗಳ ಆಡಿಕೊಂಡು ಬರತೊಡಗಿದಳು.

ಈಚೆಗೆ ಕಾಕಾ ಸೇಡಂನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿದ್ದರು. ಅಲ್ಲಿಯೇ, ಬೆಳಗಿನ ಹೊತ್ತು ಅಂಗಳದಲ್ಲಿ ಅಂಗಾತ ಮಲಗಿದವರು ಏಳಲಿಲ್ಲವಂತೆ. ಎಂದಿನಂತೆ ಮಲಗಿದ್ದಾರೆಂದು ಮಗಳು ಚಹಾ ಆರುವ ತನಕ ಕಾದಳಂತೆ. ಸುದ್ದಿ ಬಂದಾಗ ಕಾರು ಮಾಡೋಣ ಎಂದೆ. ಅವ್ವ ಆಗಲೇ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. “ಗಾಡಿ ಎಷ್ಟಕ್ಕದ?” ಅಂದಳು.

ನಾನು, ಅವ್ವ, ನನ್ನ ಮಗಳು ಮೂವರೂ ಹೋದೆವು. ಚಿತ್ತಾಪುರ ದಾಟುವ ತನಕ ಅವರ ಮಾತುಗಳನ್ನು ಒಂದೊಂದಾಗಿ ನೆನೆಸಿ ನಕ್ಕೆವು. ಸೇಡಂ ಬಂದಾಗ ಅವ್ವ ನನ್ನ ಕೈಯನ್ನು ಸರಿಸಿ, ಹಿಡಿಕೆ ಹಿಡಿದು, ಗಾಡಿಯ ಕಡೆ ತಿರುಗಿ ನಿಂತಳು. ಇಳಿಯುವ ಅವಸರದಲ್ಲಿದ್ದ ಒಬ್ಬ ಹುಡುಗ ಹಿಂದಿನಿಂದ, “ಅಜ್ಜಿ, ಉಲ್ಟಾ ಇಳೀಲಿಕತ್ತೀರಿ, ಮಾರಿ ಆ ಕಡಿ ಮಾಡ್ರಿ” ಅಂದ.

ಅವ್ವ ಎಡಗಾಲನ್ನು ಕೆಳಗೆ ಬಿಟ್ಟು, ಉಸಿರು ಪೂರ್ತಿ ಹೊರಗೆ ಹಾಕಿ, ನೆಲ ಸಿಕ್ಕ ಮೇಲೆ ಅವನ ಕಡೆ ನೋಡಿದಳು.

“ಸುಮ್ನಿರಪ್ಪಾ. ನಮ್ಮ ತಮ್ಮ ಹಿಂಗೇ ಕಲಿಸ್ಯಾನ.”